ಹೊಸ ನಂಬರನ್ನೂ ಪಳಗಿಸಬೇಕು

ಹೊಸ ಕಾವಲಿ ತಂದ ದಿನವೇ ಯಾರಾದರೂ ದೋಸೆ ಹೊಯ್ಯುತ್ತಾರೆಯೇ? ಗಂಜಿ ತಿಳಿಯಲ್ಲಿ ನೆನೆಸಿ, ತೊಳೆದು, ಎಣ್ಣೆ ಸವರಿ, ಸಣ್ಣ ಉರಿಯಲ್ಲಿಟ್ಟು ನಾಲ್ಕು ದಿನ ಪಳಗಿಸಿದ ಮೇಲೆ ತಾನೇ ಹಿಟ್ಟು ಹೊಯ್ಯುವುದು. ವ್ಯಾಪಾರಕ್ಕೆಂದು ತಂದ ಹೊಸ ಫೋನ್ ನಂಬರೂ ಹಾಗೇ. ಶಿರಸಿ ಸೀಮೆಯ ಹಳ್ಳಿಯಲ್ಲಿ ಕೂತು ಹಲಸಿನ ಹಪ್ಪಳ, ಬಾಳೆಕಾಯಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತ ನನಗೆ ಹದಿನಾಲ್ಕು ವರ್ಷವಾಯಿತು. ಮೊದಲು ಸಂತೆಗೆ, ಸಂಘದ ಮಳಿಗೆಗೆ ಹೊತ್ತುಕೊಂಡು ಹೋಗುತ್ತಿದ್ದೆ. ಈಗ ಮುಕ್ಕಾಲು ಪಾಲು ಆರ್ಡರ್ ವಾಟ್ಸಾಪಿನಲ್ಲೇ ಬರುತ್ತದೆ. ನಂಬರ್ ಕೈಕೊಟ್ಟರೆ ಆ ವರ್ಷದ ಹಪ್ಪಳ ಅಟ್ಟದ ಮೇಲೇ ಉಳಿಯುತ್ತದೆ ಎಂಬುದನ್ನು ಅನುಭವಿಸಿಯೇ ಕಲಿತಿದ್ದೇನೆ. ನೀವೂ ಶುರು ಮಾಡುತ್ತಿದ್ದೀರಿ ಎಂದು ಕೇಳಿ ಖುಷಿಯಾಯಿತು. ಗೊತ್ತಿರುವುದನ್ನೇ ಹೇಳುತ್ತಿದ್ದಾಳೆ ಅನ್ನಿಸಬಹುದು. ಗೊತ್ತಿದ್ದೂ ಮರೆಯುತ್ತೇವಲ್ಲ, ಅದಕ್ಕೇ ಹೇಳುತ್ತಿದ್ದೇನೆ.

• ಮನೆಯ ನಂಬರ್ ಬೇರೆ, ವ್ಯಾಪಾರದ ನಂಬರ್ ಬೇರೆ ಇಟ್ಟುಕೊಳ್ಳಿ. ಒಂದೇ ಆದರೆ ಅತ್ತೆಯ ಔಷಧಿ ಚೀಟಿ, ಮಗನ ಶಾಲೆಯ ಗ್ರೂಪು, ಗಿರಾಕಿಯ ಆರ್ಡರು ಎಲ್ಲ ಒಂದೇ ಬುಟ್ಟಿಗೆ ಬೀಳುತ್ತವೆ. ಅದರಲ್ಲಿ ಕಣ್ತಪ್ಪಿ ಹೋಗುವುದು ಯಾವಾಗಲೂ ಆರ್ಡರೇ.

• ಅದಕ್ಕಾಗಿ ಇನ್ನೊಂದು ಫೋನ್ ಕೊಳ್ಳಬೇಡಿ. ಎರಡು ಸಿಮ್ ಹಿಡಿಯುವ ಫೋನ್ ಇದ್ದರೆ ಸಾಕು. ಹಳೇ ನಂಬರಿಗೆ ಮಾಮೂಲಿ ವಾಟ್ಸಾಪ್, ಹೊಸದಕ್ಕೆ ವಾಟ್ಸಾಪ್ ಬಿಸಿನೆಸ್. ಎರಡೂ ಒಂದೇ ಫೋನಿನಲ್ಲಿ ಸುಖವಾಗಿರುತ್ತವೆ. ಒಂದೇ ನಂಬರನ್ನು ಎರಡಕ್ಕೂ ಹಾಕಲು ಮಾತ್ರ ಹೋಗಬೇಡಿ, ಇಲ್ಲಿ ತೆರೆದರೆ ಅಲ್ಲಿ ಮುಚ್ಚುತ್ತದೆ.

• ಬಿಸಿನೆಸ್ ಆ್ಯಪ್ 2018ರಿಂದ ಇದೆ, ಹಾಕಿಕೊಳ್ಳಲು ದುಡ್ಡಿಲ್ಲ. "ಹಾಕಿಕೊಡುತ್ತೇನೆ, ಐನೂರು ಕೊಡಿ" ಎನ್ನುವವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿ. ಐನೂರಿಗೆ ಎಷ್ಟು ಕಟ್ಟು ಹಪ್ಪಳ ಮಾರಬೇಕು, ಲೆಕ್ಕ ಹಾಕಿ.

• ಸಿಮ್ ನಿಮ್ಮ ಹೆಸರಿನಲ್ಲೇ ತೆಗೆದುಕೊಳ್ಳಿ. ಗಂಡನ ಹೆಸರಲ್ಲಿದೆ, ತಮ್ಮನ ಹೆಸರಲ್ಲಿದೆ, ಏನಾಗುತ್ತದೆ ಎನ್ನಬೇಡಿ. ಸಿಮ್ ಕಳೆದರೆ ಆಧಾರ್ ಹಿಡಿದು ಹೋಗಬೇಕಾದವರು ಹೆಸರಿದ್ದವರೇ. ತಮ್ಮ ಬೆಂಗಳೂರಿನಲ್ಲಿದ್ದರೆ ಅವನಿಗೆ ರಜೆ ಸಿಗುವ ತನಕ ನಿಮ್ಮ ವ್ಯಾಪಾರಕ್ಕೂ ರಜೆ.

• ರಸ್ತೆ ಬದಿಯಲ್ಲಿ ಕೊಡೆ ನೆಟ್ಟುಕೊಂಡು ಸಿಮ್ ಕೊಡುವವರ ಬಳಿ ಬೆರಳು ಒತ್ತುವಾಗ ಕಣ್ಣಿಟ್ಟು ನೋಡಿ. "ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಒತ್ತಿ" ಎಂದರೆ ಯಾಕೆ ಎಂದು ಕೇಳಿ. ಆ ಎರಡನೇ ಒತ್ತಿನಲ್ಲಿ ನಿಮ್ಮ ಹೆಸರಿನ ಇನ್ನೊಂದು ಸಿಮ್ ಬೇರೆ ಯಾರದೋ ಕಿಸೆಗೆ ಹೋಗಿರಬಹುದು. ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಎಂದು ನೋಡಲು ಬರುತ್ತದೆ. ನಮ್ಮ ರಾಜ್ಯದಲ್ಲಿ ಒಬ್ಬರಿಗೆ ಹೆಚ್ಚೆಂದರೆ 9. ನಿಮ್ಮದಲ್ಲದ್ದು ಕಂಡರೆ "ನನ್ನದಲ್ಲ" ಎಂದು ಅಲ್ಲೇ ಒತ್ತಿ.

• ನಂಬರ್ ಆರಿಸುವಾಗ ಬಾಯಲ್ಲಿ ಹೇಳಿ ನೋಡಿ. ಫ್ಯಾನ್ಸಿ ನಂಬರಿಗೆ ಸಾವಿರ ಸುರಿಯಬೇಡಿ, ಆದರೆ ಜಾತ್ರೆಯ ಗಲಾಟೆಯಲ್ಲಿ ಒಂದೇ ಸಲ ಹೇಳಿದರೆ ಎದುರಿನವರಿಗೆ ತಿಳಿಯುವಂತಿರಲಿ.

• ಸಿಮ್ ತಂದ ವಾರವೇ ಸ್ಟಿಕರ್ ಅಚ್ಚು ಹಾಕಿಸಬೇಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ನಾನು ಎಡವಿದ್ದು. ಹೊಸ ಸಿಮ್ ಎಂದರೆ ಹೊಸ ನಂಬರ್ ಎಂದುಕೊಂಡಿದ್ದೆ. ಹಾಗಲ್ಲ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಇನ್ನೊಬ್ಬರಿಗೆ ಕೊಡಬಹುದು. ನನಗೆ ಸಿಕ್ಕಿದ್ದು ಯಾರೋ ಸಾಲ ಮಾಡಿ ಬಿಟ್ಟ ನಂಬರು. ಬೆಳಿಗ್ಗೆ ಏಳಕ್ಕೆ, ಹಿಟ್ಟು ಕಲಸುವ ಕೈಯಲ್ಲಿ ಫೋನ್ ಎತ್ತಿದರೆ "ಕಂತು ಯಾವಾಗ ಕಟ್ಟುತ್ತೀರಿ?" ನಾನು ಅವರಲ್ಲ ಎಂದರೂ ನಂಬುವುದಿಲ್ಲ. ಅಷ್ಟರಲ್ಲಿ ಸಾವಿರ ಸ್ಟಿಕರ್ ಮನೆಗೆ ಬಂದಾಗಿತ್ತು. ಆಮೇಲೆ ನಂಬರ್ ಬದಲಿಸಿ, ನಾನೂ ಸೊಸೆಯೂ ಎರಡು ರಾತ್ರಿ ಕೂತು ಹಳೇ ನಂಬರಿನ ಮೇಲೆ ಚಿಕ್ಕ ಚೀಟಿ ಅಂಟಿಸಿದೆವು. ಆದ್ದರಿಂದ ಮೂರು ವಾರ ಸುಮ್ಮನೆ ಇಟ್ಟುಕೊಂಡು ನೋಡಿ. ಯಾರು ಕರೆ ಮಾಡುತ್ತಾರೆ, ಯಾರ ಹೆಸರು ಹಿಡಿದು ಕೇಳುತ್ತಾರೆ, ಗೊತ್ತಾಗುತ್ತದೆ. ಟ್ರೂಕಾಲರ್ ಇರುವವರ ಫೋನಿಗೆ ಒಂದು ಕರೆ ಮಾಡಿ, ಯಾರ ಹೆಸರು ತೋರಿಸುತ್ತದೆ ಎಂದೂ ಕೇಳಿ.

• ವಾಟ್ಸಾಪ್ ಹಾಕುವಾಗ ಹಳಬರು ಇಟ್ಟ ಪಿನ್ ಕೇಳಿದರೆ ಗಾಬರಿ ಬೇಡ, ಏನೇನೋ ಒತ್ತುವುದೂ ಬೇಡ. 7 ದಿನ ಕಾಯಿರಿ, ಆಮೇಲೆ ಪಿನ್ ಇಲ್ಲದೆಯೇ ತೆರೆಯಲು ಬಿಡುತ್ತದೆ.

• ಹಳಬರ ಬ್ಯಾಂಕಿನ ಮೆಸೇಜು ನಿಮ್ಮ ನಂಬರಿಗೆ ಬಂದರೆ ಅಳಿಸಿಬಿಡಿ. ಬೇರೆಯವರ ದುಡ್ಡಿನ ವಿಷಯ ತಿಳಿದುಕೊಂಡು ನಮಗೇನಾಗಬೇಕು? ಅಂಥವು ದಿನಕ್ಕೆ ನಾಲ್ಕೈದು ಬರುತ್ತಿದ್ದರೆ ಆ ನಂಬರೇ ಬೇಡ, ಬೇರೆ ತೆಗೆದುಕೊಳ್ಳಿ.

• ನಮ್ಮಂಥ ಮಲೆನಾಡಿನ ಮನೆಗಳಲ್ಲಿ ಟವರ್ ಸಿಗುವುದೇ ಕಷ್ಟ. ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಅದೇ ನಂಬರಿಗೂ ವಾಟ್ಸಾಪ್ ಬಿಸಿನೆಸ್ ಹಾಕಲು ಬರುತ್ತದೆ. ಶಿರಸಿಯಾದರೆ 08384ರ ಮೊದಲ ಸೊನ್ನೆ ಬಿಟ್ಟು, ಮುಂದಿನದನ್ನೆಲ್ಲ ಹಾಕಿ. ಮೆಸೇಜ್ ಹೇಗೂ ಬರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಕರೆ ಮಾಡಿ" ಎಂಬುದನ್ನು ಒತ್ತಿದರೆ ಲ್ಯಾಂಡ್‌ಲೈನ್ ರಿಂಗಾಗಿ ಆರು ಅಂಕಿ ಹೇಳುತ್ತದೆ. ಪೆನ್ನು ಹಿಡಿದೇ ಕೂತಿರಿ.

• ಟೂ ಸ್ಟೆಪ್ ವೆರಿಫಿಕೇಷನ್ ಎಂದು ಸೆಟ್ಟಿಂಗ್ಸಿನಲ್ಲಿ ಇದೆ. ಅದನ್ನು ಮೊದಲ ದಿನವೇ ಹಾಕಿ, ಆರು ಅಂಕಿಯ ಪಿನ್ ಕೊಡಿ, ಇಮೇಲ್ ವಿಳಾಸವನ್ನೂ ಸೇರಿಸಿ. ಇಮೇಲ್ ಕೊಡದಿದ್ದರೆ ಪಿನ್ ಮರೆತ ದಿನ ಪರದಾಟ. ನಿಮ್ಮ ಹುಟ್ಟಿದ ದಿನ, ಮದುವೆಯ ದಿನ ಬೇಡ. ಅವು ಊರಿಗೆಲ್ಲ ಗೊತ್ತು.

• ಪಿನ್ ಬರೆದಿಡಿ, ಆದರೆ ಜಾಗ ನೋಡಿ ಬರೆದಿಡಿ. ನಮ್ಮ ಸಂಘದ ಒಬ್ಬಳು ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿದ್ದಳು. ಯುಗಾದಿಗೆ ಹೊಸ ಪಂಚಾಂಗ ಬಂತು, ಹಳೆಯದು ಒಲೆಗೆ ಹೋಯಿತು. ಬಂಗಾರದ ರಸೀದಿ, ಆಧಾರ್ ಕಾರ್ಡ್ ಇಡುವ ಡಬ್ಬಿಯಲ್ಲೇ ಇದೂ ಇರಲಿ. ಫೋನಿನ ಕವರಿನೊಳಗೆ ಮಡಿಸಿಡಬೇಡಿ. ಫೋನ್ ಹೋದರೆ ಬೀಗದ ಜೊತೆ ಕೀಲಿಯೂ ಹೋದ ಹಾಗೆ.

• ಮೆಸೇಜಿನಲ್ಲಿ ಬರುವ ಆರು ಅಂಕಿಯ ಕೋಡನ್ನು ಯಾರಿಗೂ ಹೇಳಬೇಡಿ, ಕೇಳಿದ್ದು ಒಡಹುಟ್ಟಿದವಳೇ ಆದರೂ. ನನ್ನ ಗೆಳತಿಗೆ ಹಳೇ ಗಿರಾಕಿಯೊಬ್ಬರ ನಂಬರಿನಿಂದಲೇ ಮೆಸೇಜ್ ಬಂತು: "ಅಕ್ಕಾ, ನನ್ನ ಕೋಡ್ ತಪ್ಪಿ ನಿಮಗೆ ಬಂದಿದೆ, ಸ್ವಲ್ಪ ಕಳಿಸಿ." ಪಾಪ, ಉಪಕಾರ ಎಂದು ಕಳಿಸಿದಳು. ಹತ್ತು ನಿಮಿಷದಲ್ಲಿ ಅವಳ ಫೋನಿನಲ್ಲಿ ವಾಟ್ಸಾಪ್ ಬಂದ್, ಊರಿನವರಿಗೆಲ್ಲ ಅವಳ ಹೆಸರಲ್ಲಿ "ಆಸ್ಪತ್ರೆಯಲ್ಲಿದ್ದೇನೆ, ಐದು ಸಾವಿರ ಹಾಕಿ" ಎಂದು ಮೆಸೇಜು. ಕೋಡ್ ಕೇಳಿದ ಗಿರಾಕಿಯ ಖಾತೆಯೂ ಹೀಗೇ ಕಳ್ಳರ ಕೈಗೆ ಹೋಗಿತ್ತು ಎಂದು ಆಮೇಲೆ ತಿಳಿಯಿತು. ಹೀಗೆ ದುಡ್ಡು ಹೋದರೆ ಅಳುತ್ತ ಕೂರಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

• "ನಿಮ್ಮ ಪಾರ್ಸೆಲ್ ಬಂದಿದೆ, ಸ್ಟಾರ್ 401 ಸ್ಟಾರ್ ಹಾಕಿ ಈ ನಂಬರ್ ಒತ್ತಿ" ಎಂದರೆ ಒತ್ತಬೇಡಿ. ಒತ್ತಿದರೆ ನಿಮಗೆ ಬರುವ ಕರೆಗಳೆಲ್ಲ ಅವರಿಗೆ ಹೋಗಬಹುದು, ವಾಟ್ಸಾಪಿನ ಕೋಡ್ ಹೇಳುವ ಕರೆಯೂ ಸೇರಿ. ಒತ್ತಿಬಿಟ್ಟಿದ್ದರೆ ##002# ಒತ್ತಿ ಕರೆ ಮಾಡಿ, ಎಲ್ಲ ರದ್ದಾಗುತ್ತದೆ.

• ಮದುವೆ ಕರೆಯೋಲೆ ಎಂದು ಬಂದ ಫೈಲಿನ ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಮುಟ್ಟಬೇಡಿ. ಕರೆಯೋಲೆ ಫೋಟೋ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ. ಫೋನಿಗೆ ಹೊಸ ಆ್ಯಪ್ ಹಾಕಿಸಿಕೊಳ್ಳುವ ಮದುವೆಯನ್ನು ನಾನಂತೂ ಕಂಡಿಲ್ಲ.

ಇಷ್ಟು ಬೀಗ ಹಾಕಿದ ಮೇಲೆ ಅಂಗಳ ಸಾರಿಸಿ ರಂಗೋಲಿ ಹಾಕುವ ಕೆಲಸ.

• ಹೆಸರನ್ನು ಪ್ಯಾಕೆಟಿನ ಮೇಲೆ ಇರುವ ಹಾಗೇ ಬರೆಯಿರಿ. ಪ್ಯಾಕೆಟಿನಲ್ಲಿ ಒಂದು, ಫೋನಿನಲ್ಲಿ ಒಂದು ಇದ್ದರೆ ಗಿರಾಕಿ ಬೇರೆ ಯಾರೋ ಎಂದುಕೊಂಡು ಸುಮ್ಮನಾಗುತ್ತಾರೆ.

• ಡಿಪಿಗೆ ದೇವರ ಫೋಟೋ, ಮೊಮ್ಮಗನ ಫೋಟೋ ಬೇಡ. ಬೆಳಗಿನ ಬಿಸಿಲಲ್ಲಿ ಚಾಪೆಯ ಮೇಲೆ ಒಣಗುತ್ತಿರುವ ನಿಮ್ಮದೇ ಹಪ್ಪಳದ ಫೋಟೋ ಹಾಕಿ. ತಿನ್ನುವವರಿಗೆ ಅದೇ ಗುರುತು.

• ಸಮಯ ಹಾಕಿ, ಮತ್ತು ನಿಜವಾದ ಸಮಯ ಹಾಕಿ. "24 ಗಂಟೆ" ಎಂದು ಹಾಕಿದರೆ ರಾತ್ರಿ ಹನ್ನೊಂದಕ್ಕೂ ಕರೆ ಬರುತ್ತದೆ. ನನ್ನದು ಬೆಳಿಗ್ಗೆ 10ರಿಂದ ಸಂಜೆ 6. ದೀಪ ಹಚ್ಚಿದ ಮೇಲೆ ವ್ಯಾಪಾರದ ಫೋನ್ ಕಪಾಟಿನಲ್ಲಿ.

• ತಿನ್ನುವ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯನ್ನು ಪ್ರೊಫೈಲಿನ ವಿವರಣೆಯಲ್ಲೂ ಬರೆಯಿರಿ. ಮುಖ ನೋಡದ ಬೆಂಗಳೂರಿನ ಗಿರಾಕಿಗೆ ಅದರಿಂದ ಧೈರ್ಯ ಬರುತ್ತದೆ.

• ಮೊದಲ ಸಲ ಮೆಸೇಜ್ ಮಾಡಿದವರಿಗೆ ತಾನಾಗಿ ಹೋಗುವ ಸ್ವಾಗತದ ಮೆಸೇಜ್ ಬರೆದಿಡಿ. 14 ದಿನ ಮಾತಿಲ್ಲದೆ ಇದ್ದು ಮತ್ತೆ ಬಂದವರಿಗೂ ಅದು ಹೋಗುತ್ತದೆ. ಉದ್ದ ಬೇಡ. ನನ್ನದು ಇಷ್ಟೇ: "ನಮಸ್ಕಾರ. ಯಾವ ಹಪ್ಪಳ, ಎಷ್ಟು ಕಟ್ಟು, ಯಾವ ಊರು ತಿಳಿಸಿ. ಹಿಟ್ಟಿನ ಕೈ ತೊಳೆದ ಕೂಡಲೇ ಉತ್ತರಿಸುತ್ತೇನೆ." ಮೂರು ಪ್ರಶ್ನೆ ಮೊದಲೇ ಕೇಳಿದ್ದರಿಂದ ಹತ್ತು ಮೆಸೇಜ್ ಉಳಿಯುತ್ತದೆ.

• ಮಳೆಗಾಲಕ್ಕೆ ಒಂದು ಅವೇ ಮೆಸೇಜ್, ಎಂದರೆ ನಾವಿಲ್ಲದಾಗ ತಾನಾಗಿ ಹೋಗುವ ಉತ್ತರ, ಬೇರೆಯೇ ಬರೆದಿಡಿ. ಕರೆಂಟು ಹೋಗಿ ಎರಡು ದಿನ ಫೋನ್ ಸತ್ತಿದ್ದರೆ ಅದೂ ಸಾಯುತ್ತದೆ ಎಂದು ಕೆಲವರು ಹೇಳುತ್ತಾರೆ. ಹೌದು, ಆದ್ದರಿಂದ ಮಳೆ ಹಿಡಿಯುವ ಮೊದಲೇ ಸ್ಟೇಟಸ್ಸಿನಲ್ಲೂ ಹೇಳಿಬಿಡಿ, "ಗಾಳಿಮಳೆಯ ದಿನ ಉತ್ತರ ತಡ" ಎಂದು. ಹೇಳಿದ್ದರೆ ಗಿರಾಕಿ ಕಾಯುತ್ತಾರೆ.

• ಕ್ವಿಕ್ ರಿಪ್ಲೈ ಮಾಡಿಟ್ಟುಕೊಳ್ಳಿ. ದರ, ಕೊರಿಯರ್ ಖರ್ಚು, ಕರಿಯುವ ರೀತಿ, ಈ ಮೂರನ್ನೇ ಎಲ್ಲರೂ ಕೇಳುವುದು. ಓರೆಗೆರೆ ಒತ್ತಿ "ದರ" ಎಂದರೆ ಬರೆದಿಟ್ಟದ್ದು ಬರುತ್ತದೆ, ಹೆಬ್ಬೆರಳಿಗೂ ನೆಮ್ಮದಿ. ದರಪಟ್ಟಿಯಲ್ಲಿ ತಾರೀಕು ಹಾಕಲು ಮರೆಯಬೇಡಿ. ಹೋದ ವರ್ಷದ ಪಟ್ಟಿ ತೋರಿಸಿ ಅದೇ ದರಕ್ಕೆ ಕೊಡಿ ಎನ್ನುವವರು ಇದ್ದೇ ಇರುತ್ತಾರೆ.

• ಕ್ಯಾಟಲಾಗಿನಲ್ಲಿ 500 ವಸ್ತು ಹಿಡಿಯುತ್ತವೆ. ನೀವು ಆರು ಹಾಕಿ. ಮನೆಯಲ್ಲಿ ಇರುವುದನ್ನಷ್ಟೇ ಹಾಕಿ, ತೀರಿದ್ದನ್ನು ಅವತ್ತೇ ಮರೆಮಾಡಿ. ಕಟ್ಟಿನಲ್ಲಿ ಎಷ್ಟು ಹಪ್ಪಳ, ತೂಕ ಎಷ್ಟು ಎರಡನ್ನೂ ಬರೆಯಿರಿ.

ಈಗ ಪಳಗಿಸುವ ಮಾತಿಗೆ ಬರುತ್ತೇನೆ. ಇಲ್ಲಿ ಆತುರ ಬೇಡವೇ ಬೇಡ.

• ಹೊಸ ನಂಬರಿನಿಂದ ಒಂದೇ ದಿನ ಎಲ್ಲರಿಗೂ ಮೆಸೇಜ್ ಕಳಿಸಬೇಡಿ. ನಾನು ಒಂದು ಅಕ್ಷಯ ತೃತೀಯದ ರಾತ್ರಿ, ಮಗಳ ಮದುವೆಯ ಮುಯ್ಯಿ ಪುಸ್ತಕ ಮುಂದಿಟ್ಟುಕೊಂಡು, ಅದರಲ್ಲಿದ್ದ ಇನ್ನೂರು ಚಿಲ್ಲರೆ ಜನರಿಗೆ "ಹೊಸ ಹಪ್ಪಳ ಬಂದಿದೆ" ಎಂದು ಕಳಿಸಿದೆ. ಎಲ್ಲ ಪರಿಚಯದವರೇ, ಮನೆಗೆ ಬಂದು ಉಂಡವರೇ. ಆದರೆ ಅವರ ಫೋನಿನಲ್ಲಿ ನಾನು ಹೆಸರಿಲ್ಲದ ಒಂದು ನಂಬರು. ಅಪರಿಚಿತರು ಎಂದು ಕೆಲವರು ಬ್ಲಾಕ್ ಮಾಡಿದರು, ಕೆಲವರು ದೂರು ಒತ್ತಿದರು. ಬೆಳಿಗ್ಗೆ ಎದ್ದು ನೋಡಿದರೆ ಖಾತೆ ಬಂದ್. ಹಲಸು ಹಣ್ಣಾಗುವ ಮೊದಲಿನ ಆ ಆರು ವಾರವೇ ನಮಗೆ ವರ್ಷದ ದುಡಿಮೆ. ಅದರಲ್ಲಿ ಒಂದು ವಾರ ಮನವಿ ಕಳಿಸುತ್ತ, ಕಾಯುತ್ತ ಕಳೆಯಿತು. ತಪ್ಪು ಪೂರ್ತಿ ನನ್ನದೇ. ಕದ ತಟ್ಟುವ ಮೊದಲು ಹೆಸರು ಹೇಳಬೇಕಿತ್ತು.

• ಅವರೇ ಮೊದಲು ಮೆಸೇಜ್ ಮಾಡುವ ಹಾಗೆ ಮಾಡಿ. ಹಳೇ ನಂಬರಿನಿಂದ ಒಬ್ಬೊಬ್ಬರಿಗೆ ಹೇಳಿ: "ವ್ಯಾಪಾರಕ್ಕೆ ಈ ನಂಬರ್ ಮಾಡಿದ್ದೇನೆ, ಸೇವ್ ಮಾಡಿಕೊಂಡು ಒಂದು ನಮಸ್ಕಾರ ಕಳಿಸಿ." ದಿನಕ್ಕೆ ಹತ್ತು ಹದಿನೈದು ಜನ ಸಾಕು. ಅವರು ಕಳಿಸಿದ್ದಕ್ಕೆ ಹೆಸರು ಹಿಡಿದು ಉತ್ತರಿಸಿ, ಅಜ್ಜಿಯ ಮಂಡಿನೋವು ಹೇಗಿದೆ ಎಂದು ಕೇಳಿ. ನಿಜವಾದ ಮಾತುಕತೆ ನಡೆಯುವ ನಂಬರಿಗೆ ಇಂಥ ತೊಂದರೆ ಬರುವುದು ಕಡಿಮೆ.

• ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಪಟ್ಟಿಯ ಮೆಸೇಜ್ ತಲುಪುತ್ತದೆ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ಸೇವ್ ಮಾಡದವರನ್ನು ಸೇರಿಸಿ ಏನು ಫಲ? ಪ್ರತಿ ಪ್ಯಾಕೆಟಿನೊಳಗೆ ಅಂಗೈ ಅಗಲದ ಚೀಟಿ ಹಾಕಿ, "ಈ ನಂಬರ್ ಸೇವ್ ಮಾಡಿಕೊಳ್ಳಿ, ಮುಂದಿನ ಹಲಸಿನ ಕಾಲಕ್ಕೆ ತಿಳಿಸುತ್ತೇವೆ" ಎಂದು ಬರೆಯಿರಿ. ಪಕ್ಕದಲ್ಲಿ ಆ್ಯಪಿನಲ್ಲೇ ಸಿಗುವ ಕ್ಯೂಆರ್ ಇರಲಿ.

• ಕೇಳದೆ ಯಾರನ್ನೂ ಗ್ರೂಪಿಗೆ ಸೇರಿಸಬೇಡಿ. ವಾರಕ್ಕೊಂದಕ್ಕಿಂತ ಹೆಚ್ಚು ಜಾಹೀರಾತು ಕಳಿಸಬೇಡಿ. "ಬೇಡ" ಎಂದವರ ಹೆಸರನ್ನು ಅವತ್ತೇ ಪಟ್ಟಿಯಿಂದ ತೆಗೆಯಿರಿ.

• ಆ್ಯಪಿನಲ್ಲಿ ಗಿರಾಕಿಗಳ ಚಾಟಿಗೆ ಲೇಬಲ್ ಹಚ್ಚಿಕೊಳ್ಳಿ: ಹೊಸ ಆರ್ಡರ್, ದುಡ್ಡು ಬಾಕಿ, ಕಳಿಸಿದ್ದು. ಮೂರೇ ಸಾಕು.

• ಬ್ಯಾಂಕಿಗೆ ಕೊಟ್ಟ ನಂಬರ್ ಮನೆಯದೇ ಇರಲಿ, ಪ್ಯಾಕೆಟಿನ ಮೇಲೆ ಅಚ್ಚಾಗುವುದು ಬೇಡ. ದುಡ್ಡು ತೆಗೆದುಕೊಳ್ಳಲು ಗಿರಾಕಿಗೆ ಕ್ಯೂಆರ್ ಕಳಿಸಿದರಾಯಿತು. ನೆನಪಿಡಿ, ದುಡ್ಡು ಬರಲು ಪಿನ್ ಒತ್ತಬೇಕಿಲ್ಲ. ಒತ್ತಿ ಎಂದವರು ಕಳ್ಳರೇ. ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ, ನಿಮ್ಮ ಖಾತೆ ನೋಡಿ ಕಟ್ಟಿ.

• ಮಗಳ ಲ್ಯಾಪ್‌ಟಾಪಿಗೆ, ಸೊಸೆಯ ಫೋನಿಗೆ ಎಂದು ನಾಲ್ಕು ಕಡೆ ಜೋಡಿಸಲು ಬರುತ್ತದೆ. ಒಳ್ಳೆಯದೇ. ಆದರೆ ತಿಂಗಳಿಗೊಮ್ಮೆ ಲಿಂಕ್ಡ್ ಡಿವೈಸಸ್ ತೆರೆದು ನೋಡಿ, ಗುರುತಿಲ್ಲದ್ದು ಇದ್ದರೆ ತೆಗೆಯಿರಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ಹಾಗೇ ಬಂದಿರುತ್ತೇವೆ.

• ಬ್ಯಾಕಪ್ ಯಾವ ಜಿಮೇಲಿಗೆ ಹೋಗುತ್ತಿದೆ ಎಂದು ನೋಡಿಕೊಳ್ಳಿ. ಫೋನ್ ಅಂಗಡಿಯ ಹುಡುಗ ಅವಸರಕ್ಕೆ ಮಾಡಿಕೊಟ್ಟ ಜಿಮೇಲ್ ಆದರೆ ಅದರ ಪಾಸ್‌ವರ್ಡ್ ನಿಮಗೂ ಗೊತ್ತಿಲ್ಲ, ಅವನಿಗೂ ನೆನಪಿಲ್ಲ.

• ಕರೆನ್ಸಿ ಹಾಕಿಸುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿ. ಇದು ಸಣ್ಣ ಮಾತು ಅನ್ನಿಸುತ್ತದೆ, ಆದರೆ ನಾನು ಕಂಡ ಹಾಗೆ ಹೆಚ್ಚು ನಂಬರ್ ಹೋಗುವುದು ಇದರಿಂದಲೇ. ಮನೆಯಲ್ಲಿ ವೈಫೈ ಇರುತ್ತದೆ, ವಾಟ್ಸಾಪ್ ನಡೆಯುತ್ತಲೇ ಇರುತ್ತದೆ. ಒಳಗೆ ಸಿಮ್ ಸತ್ತಿದ್ದು ತಿಳಿಯುವುದೇ ಇಲ್ಲ. ಕರೆ, ಮೆಸೇಜು, ಡೇಟಾ ಒಂದೂ ಇಲ್ಲದೆ 90 ದಿನ ಬಿದ್ದಿದ್ದರೆ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ಆಮೇಲೆ ಅದು ಯಾರ ಕೈಗೋ ಹೋಗುತ್ತದೆ, ನಿಮ್ಮ ಗಿರಾಕಿಯ "ಅಕ್ಕಾ, ಐದು ಕಟ್ಟು ಬೇಕು" ಎಂಬ ಮೆಸೇಜ್ ಅವರಿಗೆ ಹೋಗುತ್ತದೆ. ನಮ್ಮ ಹಪ್ಪಳದ ವ್ಯಾಪಾರಕ್ಕೆ ಮಳೆಗಾಲ ಬಿಡುವು, ಮರೆಯುವುದೂ ಆಗಲೇ. ವಾಟ್ಸಾಪನ್ನೂ ಆಗಾಗ ತೆರೆಯಿರಿ, 120 ದಿನ ತೆರೆಯದಿದ್ದರೆ ಖಾತೆಯೇ ಅಳಿಸಿಹೋಗಬಹುದು.

• ಹಳೇ ನಂಬರಿಗೆ ಆರ್ಡರ್ ಮಾಡುವ ಅಭ್ಯಾಸ ಬಿಡದವರು ಇರುತ್ತಾರೆ. ಒಂದು ವರ್ಷ ಅವರಿಗೂ ನಗುನಗುತ್ತ ಹೊಸ ನಂಬರ್ ಹೇಳುತ್ತಲೇ ಇರಿ, ಬೇಸರ ಬೇಡ.

• ಇನ್ನು ಸ್ಟಿಕರ್. ಸಾವಿರ ಬೇಡ, ಮೊದಲು ನೂರು ಮಾಡಿಸಿ. ಅಚ್ಚಿಗೆ ಹೋಗುವ ಮೊದಲು ಪ್ರೆಸ್ಸಿನವರು ತೋರಿಸುವ ಕರಡನ್ನು ನೀವು ಓದಬೇಡಿ, ನಿಮಗೆ ನಂಬರ್ ಬಾಯಿಪಾಠ, ತಪ್ಪಿದ್ದರೂ ಸರಿಯಾಗೇ ಓದಿಬಿಡುತ್ತೀರಿ. ಪಕ್ಕದಲ್ಲಿ ನಿಂತವರ ಕೈಗೆ ಕೊಟ್ಟು, ಅದರಲ್ಲಿದ್ದ ಹಾಗೇ ಅವರ ಫೋನಿನಿಂದ ಒತ್ತಲು ಹೇಳಿ. ನಿಮ್ಮ ಚೀಲದೊಳಗಿನ ಫೋನ್ ರಿಂಗಾದ ಮೇಲೆ "ಹಾಕಿ" ಎನ್ನಿ.